ಅಮ್ಮ ಮುಚ್ಚಿದ ಕಿಟಕಿ, ತಮ್ಮ ತಂದ ಇಟ್ಟಿಗೆ

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ ತಮ್ಮನಿಂದ ವಾಟ್ಸಾಪಿನಲ್ಲಿ ಫೋಟೋ ಬಂತು. ಬೂದು ಬಣ್ಣದ ಒಂದು ಇಟ್ಟಿಗೆ, ಅಳತೆ ಗೊತ್ತಾಗಲಿ ಅಂತ ಪಕ್ಕದಲ್ಲಿ ಅವನ ಚಪ್ಪಲಿ. ಕೆಳಗೆ ಎರಡೇ ಸಾಲು: "ಅಣ್ಣಾ, ಇದು ನಮ್ಮ ಗುಡ್ಡದ ಮಣ್ಣಿಂದು. ಮಾಮೂಲಿ ಇಟ್ಟಿಗೆಗಿಂತ ಎರಡೂವರೆ ರೂಪಾಯಿ ಕಮ್ಮಿ. ಹಾಕೋಣ್ವಾ?"

ಬಂಗಾರಪೇಟೆಯ ನಮ್ಮ ಮನೆಗೆ ಮೇಲೊಂದು ಅಂತಸ್ತು ಕಟ್ಟಿಸುತ್ತಿದ್ದೇವೆ. ದುಡ್ಡು ಚೆನ್ನೈಯಿಂದ ಹೋಗುತ್ತದೆ, ಬಿಸಿಲಿಗೆ ನಿಂತು ಮೇಸ್ತ್ರಿ ಜೊತೆ ಗುದ್ದಾಡುವವನು ತಮ್ಮ. ಇಪ್ಪತ್ತು ಸಾವಿರ ಇಟ್ಟಿಗೆ ಬೇಕು ಅಂದರೆ ಎರಡೂವರೆ ರೂಪಾಯಿ ಲೆಕ್ಕದಲ್ಲಿ ಐವತ್ತು ಸಾವಿರ ಉಳಿಯುತ್ತದೆ. ನಾನು ಹೂಂ ಅಂದುಬಿಡುತ್ತಿದ್ದೆ. ಆದರೆ "ನಮ್ಮ ಗುಡ್ಡ" ಅನ್ನುವ ಮಾತು ತಡೆಯಿತು.

ಈ ಅಂಕಣ ಓದುವ ಹಲವರಿಗೆ ಗೊತ್ತು, ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. ಚೆನ್ನೈಯಲ್ಲಿ ಹಾಗೆ ಹೇಳಿದರೆ ಆಫೀಸಿನ ಹುಡುಗರು ಸಿನಿಮಾ ಸಂಗೀತ ಗುನುಗುತ್ತಾರೆ. ಆ ಸಿನಿಮಾದಲ್ಲಿ ನೀವು ನೋಡಿದ ಬೋಳು ದಿಬ್ಬಗಳು ಪೂರ್ತಿ ಸೆಟ್ ಅಲ್ಲ. ನಮ್ಮೂರಿನವರು ಅವನ್ನು ಸೈನೈಡ್ ಗುಡ್ಡ ಅನ್ನುತ್ತಾರೆ. ದೇವರು ಮಾಡಿದ ಗುಡ್ಡವಲ್ಲ, ಕಂಪನಿ ಮಾಡಿದ್ದು. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವವರೆಗೆ ಸುಮಾರು 800 ಟನ್ ಚಿನ್ನ ಮೇಲೆ ಬಂತು. ಆ ಚಿನ್ನವೆಲ್ಲ ಎಲ್ಲೆಲ್ಲಿಗೋ ಹೋಯಿತು. ಅದರ ಜೊತೆ ಮೇಲೆ ಬಂದ ಕಲ್ಲು ಮಾತ್ರ ಪುಡಿಯಾಗಿ ನಮ್ಮೂರಲ್ಲೇ ಉಳಿಯಿತು. ಸುಮಾರು 3.3 ಕೋಟಿ ಟನ್, 13 ಗುಡ್ಡ.

ಪುಡಿ ಅಂದರೆ ಎಂಥ ಪುಡಿ? ಒಂದು ಟನ್ ಅದಿರಿನಲ್ಲಿ ಇರುವ ಚಿನ್ನ ಕೆಲವೇ ಗ್ರಾಂ. ಅದು ಬರಿಗಣ್ಣಿಗೆ ಕಾಣುವುದೂ ಇಲ್ಲ. ಹಾಗಾಗಿ ಕಲ್ಲನ್ನು ಮಿಲ್ಲಿನಲ್ಲಿ ಹಾಕಿ ಹಿಟ್ಟಿನ ಹಾಗೆ ಅರೆಯುತ್ತಾರೆ, ಸೈನೈಡ್ ಬೆರೆಸಿದ ನೀರಲ್ಲಿ ಕಲಕುತ್ತಾರೆ, ಚಿನ್ನ ಕರಗಿ ನೀರಿಗೆ ಬರುತ್ತದೆ, ಆ ನೀರಿಗೆ ಸತುವಿನ ಪುಡಿ ಹಾಕಿ ಚಿನ್ನ ಬೇರೆ ಮಾಡುತ್ತಾರೆ. ಉಳಿದ ಕೆಸರನ್ನು ಹೊರಗೆ ಸುರಿಯುತ್ತಾರೆ. ಒಣಗಿದ ಮೇಲೆ ಅದೇ ಗುಡ್ಡ.

ಸೈನೈಡ್ ಅನ್ನುವ ಹೆಸರೇ ಜನರನ್ನು ಹೆದರಿಸುತ್ತದೆ. ನಿಜ ಹೇಳಬೇಕೆಂದರೆ ಅದು ಬಿಸಿಲು, ಗಾಳಿಗೆ ಕಾಲಕ್ರಮೇಣ ಒಡೆದು ಹೋಗುವ ವಸ್ತು. ಎಷ್ಟು ವರ್ಷವಾದರೂ ಒಡೆಯದೆ ಕೂರುವವು ಎರಡು. ಒಂದು, ಕಲ್ಲಿನಲ್ಲೇ ಇದ್ದ ಲೋಹಗಳು. ಎರಡು, ಆ ನುಣುಪು ಸಿಲಿಕಾ ಧೂಳು. ಗಣಿ ಕಾರ್ಮಿಕರ ಶ್ವಾಸಕೋಶ ತಿಂದ ಸಿಲಿಕೋಸಿಸ್‌ಗೆ ಕಾರಣ ಸೈನೈಡ್ ಅಲ್ಲ, ಇಂಥ ಧೂಳು.

ನಾವಿದ್ದದ್ದು ಉರಿಗಾಂ ಕಡೆಯ ಕಂಪನಿ ಕ್ವಾರ್ಟರ್ಸಿನಲ್ಲಿ. ಅಪ್ಪ ಲೆಕ್ಕಪತ್ರ ವಿಭಾಗದಲ್ಲಿದ್ದರು, ಗಣಿಯೊಳಗೆ ಇಳಿದವರಲ್ಲ. ಆದರೂ ಗಾಳಿ ಎದ್ದ ದಿನ ಗಣಿ ನಮ್ಮ ಮನೆಗೇ ಬರುತ್ತಿತ್ತು. ಗಾಳಿಯ ದಿಕ್ಕು ತಿರುಗಿತು ಅಂತ ಅಮ್ಮನಿಗೆ ಹೇಗೆ ಗೊತ್ತಾಗುತ್ತಿತ್ತೋ, ಅಡುಗೆ ಬಿಟ್ಟು ಓಡಿ ಬಂದು ಕಿಟಕಿ ಹಾಕುತ್ತಿದ್ದಳು. ಸಂದಿಗೆ ಹಳೇ ಸೀರೆ ತುರುಕುತ್ತಿದ್ದಳು. ಅಷ್ಟಾದರೂ ಸಂಜೆ ಹಾಸಿಗೆ ಕೊಡವಿದರೆ ಬಿಳಿ ಪುಡಿ. ಮುದ್ದೆ ಅಗಿಯದೆ ನುಂಗಬೇಕು ಅಂತ ನಮ್ಮ ಕಡೆ ಹೇಳುತ್ತಾರಲ್ಲ, ನಮ್ಮ ಮನೆಯಲ್ಲಿ ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಅಗಿದರೆ ಕರಕರ ಅನ್ನುತ್ತಿತ್ತು.

ಗಣಿ ಮುಚ್ಚಿದಾಗ ನಾನು ಎಂಟನೇ ಕ್ಲಾಸು. ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಬರುವುದು ಊರಿನ ಅರ್ಧ ಜನರ ಬದುಕಾಯಿತು. ಅಪ್ಪ ಬಂದ ಹಣದಲ್ಲಿ ಬಂಗಾರಪೇಟೆಯಲ್ಲಿ ಚಿಕ್ಕದೊಂದು ಮನೆ ಕಟ್ಟಿಸಿದರು. ಜಾಗ ನೋಡುವಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ, "ಗುಡ್ಡ ಕಾಣಿಸ್ತದಾ?"

ಈಗ ಅದೇ ಗುಡ್ಡ ಇಟ್ಟಿಗೆಯಾಗಿ ಮನೆ ಬಾಗಿಲಿಗೆ ಬಂದಿದೆ.

ಇಂಥ ಇಟ್ಟಿಗೆ ಹುಚ್ಚು ಆಲೋಚನೆಯೇನಲ್ಲ. ನಾನು ಕೂತು ಬರೆಯುತ್ತಿರುವ ಈ ಶೋಲಿಂಗನಲ್ಲೂರಿನ ಫ್ಲಾಟಿನ ಗೋಡೆಗಳೇ ಹಾರುಬೂದಿ ಇಟ್ಟಿಗೆಯವು. ನಿಮ್ಮ ಮನೆಯದೂ ಅದೇ ಇರಬಹುದು, ಒಂದು ಮೊಳೆ ಹೊಡೆದು ನೋಡಿ, ಕೆಂಪು ಪುಡಿಯ ಬದಲು ಬೂದು ಪುಡಿ ಉದುರುತ್ತದೆ. ಕಲ್ಲಿದ್ದಲು ಸುಟ್ಟ ವಿದ್ಯುತ್ ಸ್ಥಾವರಗಳ ಬೂದಿ ಒಂದು ಕಾಲಕ್ಕೆ ಯಾರಿಗೂ ಬೇಡದ ಕಸವಾಗಿತ್ತು. 1999ರಲ್ಲಿ ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ, ಸ್ಥಾವರದ ಸುತ್ತ 50 ಕಿಲೋಮೀಟರಿನೊಳಗೆ ಇಟ್ಟಿಗೆ ಮಾಡುವವರು ಬೂದಿ ಬೆರೆಸಲೇಬೇಕು ಅಂತ ವಿಧಿಸಿತು. ಮುಂದೆ ಆ ಸುತ್ತಳತೆ 100 ಕಿಲೋಮೀಟರಿಗೆ ಹಿಗ್ಗಿತು. ಇವತ್ತು ಸಿಮೆಂಟ್ ಚೀಲದೊಳಗೂ ಬೂದಿ, ಇಟ್ಟಿಗೆಯೊಳಗೂ ಬೂದಿ. ಎಣ್ಣೂರು ಕಡೆ ಹೋದರೆ ಆ ಬೂದಿ ಕೊಳಚೆಯಾಗಿ ಹಿನ್ನೀರಿಗೆ ಸೇರಿದ ಕಥೆಯೂ ಸಿಗುತ್ತದೆ, ಅದು ಇನ್ನೊಂದು ಕಂತಿಗೆ.

ಬೂದಿಗೆ ಒಗ್ಗಿದ್ದು ಗಣಿ ಪುಡಿಗೆ ಯಾಕೆ ಒಗ್ಗಲಿಲ್ಲ ಅಂತ ನನಗೆ ಕುತೂಹಲ. ನಾನು ಓದಿದ್ದು ಕಂಪ್ಯೂಟರ್, ಸಿವಿಲ್ ಅಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇರುವ, ಹುಬ್ಬಳ್ಳಿ ಕಡೆಯ ಸಿವಿಲ್ ಇಂಜಿನಿಯರ್ ಒಬ್ಬರ ತಲೆ ತಿಂದು ತಿಳಿದುಕೊಂಡೆ. ಅವರು ಹೇಳಿದ್ದು ಚೆನ್ನಾಗಿತ್ತು. "ಎರಡೂ ಸಿಲಿಕಾನೇ ರೀ. ಆದ್ರ ಬೂದ್ಯಾಗಿನ ಸಿಲಿಕಾ ಬೆಂಕಿ ಕಂಡದ, ಗಣಿ ಪುಡ್ಯಾಗಿಂದು ಕಂಡಿಲ್ಲ." ಬಾಯ್ಲರಿನ ಉರಿಯಲ್ಲಿ ಕರಗಿ ತಟ್ಟನೆ ತಣಿದ ಬೂದಿ ಒಂದು ಬಗೆಯ ಗಾಜು. ಸುಣ್ಣ, ನೀರು ಸಿಕ್ಕರೆ ಅದು ತಾನೇ ಅಂಟಾಗಿ ಗಟ್ಟಿಯಾಗುತ್ತದೆ. ಗಣಿಯ ಸಿಲಿಕಾ ಬೆಣಚುಕಲ್ಲಿನ ಹರಳು. ಸುಣ್ಣ ಬಂದರೂ ಏಳುವುದಿಲ್ಲ, ಸುಮ್ಮನೆ ಮಲಗಿರುತ್ತದೆ. ಅದನ್ನು ಹಿಡಿದಿಡಲು ಹೊರಗಿನಿಂದ ಅಂಟು ಬೇಕು.

ಹೊರಗಿನ ಅಂಟು ಅಂದರೆ ಸಿಮೆಂಟು. ಅಲ್ಲೂ ಒಂದು ತೊಡಕಿದೆ. ಉಪ್ಪಿಟ್ಟಿನ ರವೆಗೆ ಎಷ್ಟು ನೀರು ಬೇಕು, ಅದೇ ತೂಕದ ರಾಗಿ ಹಿಟ್ಟಿಗೆ ಎಷ್ಟು ನೀರು ಬೇಕು ಅಂತ ಅಡುಗೆ ಮಾಡುವವರಿಗೆ ಗೊತ್ತು. ಕಾಳು ಸಣ್ಣದಾದಷ್ಟೂ ಒದ್ದೆ ಮಾಡಬೇಕಾದ ಮೈ ಜಾಸ್ತಿ. ಗಣಿ ಪುಡಿ ರವೆಯಲ್ಲ, ಹಿಟ್ಟು. ನೀರೂ ಜಾಸ್ತಿ ಕುಡಿಯುತ್ತದೆ, ಸಿಮೆಂಟೂ ಜಾಸ್ತಿ ಕೇಳುತ್ತದೆ.

ನಮ್ಮ ಗುಡ್ಡದ ಪುಡಿಯನ್ನೇ ತೆಗೆದುಕೊಂಡು ಮಾಡಿದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಗಿದೆ. ಅದು ಸಿಕ್ಕಾಗ ನನಗೆ ಊರಿನವರೊಬ್ಬರು ಸಿಕ್ಕಷ್ಟೇ ಖುಷಿಯಾಯಿತು. ಅವರು ಎರಡು ದಾರಿ ನೋಡಿದ್ದರು. ಮೊದಲನೆಯದು ಪುಡಿಗೆ ಸಿಮೆಂಟ್ ಬೆರೆಸಿ ನೀರಲ್ಲಿ ಕ್ಯೂರಿಂಗ್ ಮಾಡುವುದು. ಶೇಕಡಾ 20ರಷ್ಟು ಸಿಮೆಂಟ್ ಹಾಕಿ 14 ದಿನ ನೆನೆಸಿದರೆ ಇಟ್ಟಿಗೆ ಸರಿಯಾಗಿ ಬಂತು. ಆದರೆ ಖರ್ಚು ಗಿಟ್ಟಲಿಲ್ಲ. ಯಾಕೆ ಅಂತ ನೀವೇ ಲೆಕ್ಕ ಹಾಕಿ. ಮೂರು ಕಿಲೋ ಇಟ್ಟಿಗೆಯಲ್ಲಿ ಆರುನೂರು ಗ್ರಾಂ ಸಿಮೆಂಟು, ಚೀಲಕ್ಕೆ ನಾನೂರು ರೂಪಾಯಿ ಅಂದರೂ ಒಂದು ಇಟ್ಟಿಗೆಗೆ ಸಿಮೆಂಟೇ ಐದು ರೂಪಾಯಿ ಹತ್ತಿರ. ಪರಿಸರದ ಲೆಕ್ಕವೂ ಕೆಡುತ್ತದೆ, ಯಾಕೆಂದರೆ ಸಿಮೆಂಟ್ ತಯಾರಿಕೆಯೇ ದೊಡ್ಡ ಪ್ರಮಾಣದಲ್ಲಿ ಇಂಗಾಲದ ಡೈಆಕ್ಸೈಡ್ ಉಗುಳುತ್ತದೆ. ಎರಡನೆಯ ದಾರಿ, ಪುಡಿಗೆ ಎರೆಮಣ್ಣನ್ನೋ ಕೆಂಪುಮಣ್ಣನ್ನೋ ಸೇರಿಸಿ, ಒಣಗಿಸಿ, ಗೂಡಿನಲ್ಲಿ ಸುಡುವುದು. ಅದು ಗಟ್ಟಿಯೂ ಆಯಿತು, ಲೆಕ್ಕಕ್ಕೂ ಕೂತಿತು. ಸುಡಲು ಉರುವಲು ಬೇಕು, ನಿಜ. ಆದರೆ ಗದ್ದೆಯ ಮೇಲ್ಮಣ್ಣು ಕೆರೆದು ಪೂರ್ತಿ ಅದರಲ್ಲೇ ಇಟ್ಟಿಗೆ ಕೊಯ್ಯುವುದಕ್ಕಿಂತ ಅರ್ಧ ಮಣ್ಣಾದರೂ ಉಳಿಯಿತಲ್ಲ.

ಕೋಲಾರವೊಂದೇ ಅಲ್ಲ. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿಗಾರಿಕೆ ನಿಂತರೂ ಲಕ್ಯಾ ಅಣೆಕಟ್ಟಿನ ಹಿಂದೆ ಕಬ್ಬಿಣದ ಅದಿರಿನ ಹೂಳು ಹಾಗೇ ಕೂತಿದೆ. ಕಬ್ಬಿಣದ ಹೂಳನ್ನು ಇಟ್ಟಿಗೆಗೆ, ಗಾರೆಗೆ, ನೆಲಕ್ಕೆ ಹಾಸುವ ಬ್ಲಾಕಿಗೆ ಬಳಸುವ ಕೆಲಸ ನಮ್ಮ ರಾಜ್ಯದ ಪ್ರಯೋಗಾಲಯಗಳಲ್ಲೇ ನಡೆದಿದೆ. ಬ್ರೆಜಿಲ್‌ನಲ್ಲಿ 2019ರ ಜನವರಿಯಲ್ಲಿ ಬ್ರುಮಾದಿನ್ಯೋ ಎಂಬಲ್ಲಿ ಇಂಥದೇ ಹೂಳಿನ ಅಣೆಕಟ್ಟು ಒಡೆದು 270 ಜನ ಸತ್ತರು. ಮಧ್ಯಾಹ್ನದ ಹೊತ್ತು, ಊಟದ ಕೋಣೆಯಲ್ಲಿದ್ದ ಕೆಲಸಗಾರರ ಮೇಲೆಯೇ ಕೆಸರು ಹರಿಯಿತು. ಅದಾದ ಮೇಲೆ ಅದೇ ಗಣಿ ಕಂಪನಿ ಹೂಳಿನಿಂದ ಬ್ಲಾಕ್ ಮಾಡುವ ಕಾರ್ಖಾನೆಯನ್ನೂ ಶುರು ಮಾಡಿತು. ಅಷ್ಟು ಜನ ಸಾಯುವ ಮೊದಲು ಯಾಕೆ ಮಾಡಲಿಲ್ಲ ಅಂತ ಕೇಳಬೇಕೆನಿಸುತ್ತದೆ.

ಸರಿ, ಇಟ್ಟಿಗೆಗೆ ಬರೋಣ. ಮುಂದಿನ ವಾರ ಊರಿಗೆ ಹೋದೆ. ಬ್ಲಾಕ್ ಮಾಡುವವನ ಶೆಡ್ಡಿಗೆ ತಮ್ಮ ಕರೆದುಕೊಂಡು ಹೋದ. ಒಂದು ಮಿಕ್ಸರ್, ಒಂದು ಒತ್ತುವ ಯಂತ್ರ, ಗೋಣಿ ಹೊದ್ದು ನೀರು ಕುಡಿಯುತ್ತಿದ್ದ ಇಟ್ಟಿಗೆ ಸಾಲು. ಮನುಷ್ಯ ಒಳ್ಳೆಯವನೇ.

"ಸಿಮೆಂಟ್ ಎಷ್ಟು ಹಾಕ್ತೀರಿ?" ಅಂದೆ.

"ಹಾಕಬೇಕಾದಷ್ಟು ಹಾಕ್ತೀವಿ ಸಾರ್."

"ಪುಡಿ ಯಾವ ಗುಡ್ಡದ್ದು?"

ಅವನು ತಮ್ಮನ ಮುಖ ನೋಡಿದ. "ಲಾರಿಯವರು ತಂದು ಹಾಕ್ತಾರೆ ಸಾರ್. ಎಲ್ಲಾ ಒಂದೇ ಮಣ್ಣಲ್ವಾ?"

ಮೂರು ಇಟ್ಟಿಗೆ ಬ್ಯಾಗಿಗೆ ಹಾಕಿಕೊಂಡು ಚೆನ್ನೈ ರೈಲು ಹತ್ತಿದೆ. ಮೇಲಿನ ಬರ್ತಿಗೆ ಬ್ಯಾಗ್ ಎತ್ತಿಡುವಾಗ ಪಕ್ಕದ ಅಜ್ಜ ಏನಪ್ಪಾ ಇಷ್ಟು ಭಾರ ಅಂದರು. ಊರಿನ ಮಣ್ಣು ತಾತ ಅಂದೆ. ಕಣ್ಣಲ್ಲಿ ನೀರೇ ಬಂತು ಆ ಪುಣ್ಯಾತ್ಮನಿಗೆ. ಸತ್ಯ ಹೇಳಲು ಮನಸ್ಸಾಗಲಿಲ್ಲ.

ಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ, ನಿಮ್ಮಲ್ಲೂ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ಮಾಡಿ ನೋಡಿ. ಒಣಗಿದ ಇಟ್ಟಿಗೆ ತೂಗಿ, 24 ಗಂಟೆ ಬಕೆಟ್ಟಿನಲ್ಲಿ ಮುಳುಗಿಸಿ, ಮೈ ಒರೆಸಿ ಮತ್ತೆ ತೂಗಬೇಕು. ಸಾಧಾರಣ ಇಟ್ಟಿಗೆ ಶೇಕಡಾ 20ಕ್ಕಿಂತ ಜಾಸ್ತಿ ನೀರು ಕುಡಿಯಬಾರದು. ನಮ್ಮದು 2.9 ಕಿಲೋ ಇದ್ದದ್ದು 3.35 ಆಯಿತು, ಅಂದರೆ ಹದಿನೈದು ಹದಿನಾರರ ಹತ್ತಿರ. ಪಾಸು. ಇನ್ನೊಂದನ್ನು ಇಲ್ಲಿಯ ಲ್ಯಾಬೊಂದಕ್ಕೆ ಕೊಟ್ಟೆ, ಯಂತ್ರದಲ್ಲಿಟ್ಟು ಒತ್ತಿ ಒಡೆದರು. ಅದೂ ಪಾಸು. ಮಾಮೂಲಿ ಸುಟ್ಟ ಇಟ್ಟಿಗೆಗೆ ಇರಬೇಕಾದ ಕನಿಷ್ಠ ಬಲ ಚದರ ಮಿಲಿಮೀಟರಿಗೆ 3.5 ನ್ಯೂಟನ್, ಇದು ಅದಕ್ಕಿಂತ ಸಾಕಷ್ಟು ಮೇಲಿತ್ತು.

ನನಗೆ ಬೇಕಿದ್ದದ್ದು ಮೂರನೆಯ ಪರೀಕ್ಷೆ. ಇಟ್ಟಿಗೆಯನ್ನು ಪುಡಿ ಮಾಡಿ, ಅದರ 20 ಪಟ್ಟು ತೂಕದ ಹುಳಿ ನೀರಲ್ಲಿ ಹಾಕಿ, 18 ಗಂಟೆ ತಿರುಗಿಸಿ, ಆ ನೀರಿಗೆ ಸೀಸ, ಆರ್ಸೆನಿಕ್ ಇತ್ಯಾದಿ ಎಷ್ಟು ಇಳಿಯಿತು ಅಂತ ನೋಡುವ ಪರೀಕ್ಷೆ. ಸಿಮೆಂಟ್ ಅನೇಕ ಲೋಹಗಳನ್ನು ತನ್ನೊಳಗೆ ಕಟ್ಟಿಹಾಕುತ್ತದೆ, ಸುಟ್ಟ ಇಟ್ಟಿಗೆಯೂ ಕೆಲವನ್ನು ಹಿಡಿಯುತ್ತದೆ. ಹಾಗಂತ ನಂಬಿ ಬಿಡುವಂತಿಲ್ಲ, ನೋಡಬೇಕು. ಲ್ಯಾಬಿನ ಹುಡುಗಿ ತಮಿಳಿನಲ್ಲಿ ನಿಧಾನವಾಗಿ ಕೇಳಿದಳು, "ಸಾರ್, ನಾನು ಇದೊಂದು ಇಟ್ಟಿಗೆ ಮಾಡಿಕೊಡ್ತೀನಿ. ರಿಪೋರ್ಟ್ ಬರೋದು ಇದೊಂದು ಇಟ್ಟಿಗೆಗೆ. ನಿಮ್ಮ ಮಿಕ್ಕ ಇಟ್ಟಿಗೆಗಳೂ ಇದೇ ಮಣ್ಣಿಂದ ಬಂದಿರೋದು ಅಂತ ಬರೆದು ಕೊಡೋರು ಇದ್ದಾರಾ?"

ಇರಲಿಲ್ಲ. ಒಂದು ಗುಡ್ಡ ಒಂದು ಕಾಲದ್ದು, ಇನ್ನೊಂದು ಇನ್ನೊಂದು ಕಾಲದ್ದು. ನೂರಿಪ್ಪತ್ತು ವರ್ಷದಲ್ಲಿ ಅದಿರು ಬದಲಾಯಿತು, ಮಿಲ್ಲು ಬದಲಾಯಿತು, ಚಿನ್ನ ತೆಗೆಯುವ ವಿಧಾನ ಬದಲಾಯಿತು. ನಾವು ಸಾಫ್ಟ್‌ವೇರಿನವರು ಸಣ್ಣದೊಂದು ಕೋಡ್ ಬದಲಿಸಿದರೂ ಯಾರು, ಯಾವತ್ತು, ಯಾಕೆ ಅಂತ ದಾಖಲೆ ಇಡುತ್ತೇವೆ. ಐವತ್ತು ವರ್ಷ ನಿಲ್ಲಬೇಕಾದ ಗೋಡೆಗೆ "ಲಾರಿಯವರು ತಂದು ಹಾಕ್ತಾರೆ" ಅನ್ನುವುದೇ ದಾಖಲೆ.

ಇದು ಅತಿಯಾದ ಮುಂಜಾಗ್ರತೆ ಅನಿಸಿದರೆ ಅಮೆರಿಕದ ಕೊಲೊರಾಡೋದ ಗ್ರ್ಯಾಂಡ್ ಜಂಕ್ಷನ್ ಊರಿನ ಕಥೆ ಕೇಳಿ. ಅಲ್ಲಿ ಯುರೇನಿಯಂ ಮಿಲ್ಲಿತ್ತು. ಉಳಿದ ಪುಡಿ ನೋಡಲು ಒಳ್ಳೆಯ ಮರಳಿನ ಹಾಗೇ ಇತ್ತು, ಪುಕ್ಕಟೆಯಾಗಿ ಸಿಗುತ್ತಿತ್ತು. 1950, 60ರ ದಶಕಗಳಲ್ಲಿ ಊರಿನವರು ಅದನ್ನು ಮನೆಯ ಅಡಿಪಾಯಕ್ಕೆ, ಅಂಗಳಕ್ಕೆ ತುಂಬಿದರು. ಆಮೇಲೆ ಗೊತ್ತಾಯಿತು ಮನೆಯೊಳಗೆ ರೇಡಾನ್ ಅನಿಲ ಬರುತ್ತಿದೆ ಅಂತ. ಸಾವಿರಾರು ಮನೆ, ಕಟ್ಟಡಗಳ ಅಡಿ ಅಗೆದು ಆ ಪುಡಿಯನ್ನು ಹೊರಗೆ ತೆಗೆಯಬೇಕಾಯಿತು, ಸರ್ಕಾರದ ದುಡ್ಡಿನಲ್ಲಿ, ದಶಕಗಟ್ಟಲೆ. ಕೋಲಾರದ ಪುಡಿ ಯುರೇನಿಯಂ ಗಣಿಯದ್ದಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಅಲ್ಲೂ ಜನ ಇಟ್ಟಿಗೆಯವನ ಹಾಗೆಯೇ "ಮರಳು ಅಲ್ವಾ" ಅಂದುಕೊಂಡಿದ್ದರು, ಅಷ್ಟೇ ಹೇಳಲು ಹೊರಟದ್ದು.

ಹಾಗಂತ ನಾನು ಈ ಇಟ್ಟಿಗೆಯ ವಿರೋಧಿಯಲ್ಲ. ಅದು ಆಗಬೇಕು ಅಂತಲೇ ನನ್ನ ಆಸೆ. ಆ ಧೂಳು ಇವತ್ತಿಗೂ ಯಾರದೋ ಮನೆಯ ಹಾಸಿಗೆ ಮೇಲೆ ಬೀಳುತ್ತಿದೆ. ಇಟ್ಟಿಗೆಯೊಳಗೆ ಬಂಧಿಯಾದ ಪುಡಿ ಗಾಳಿಗೆ ಹಾರುವುದಿಲ್ಲ, ಮಳೆಗೆ ಹರಿದು ಕೆರೆಗೆ ಹೋಗುವುದಿಲ್ಲ. ಆದರೆ ಒಂದು ಶೆಡ್ಡು, ಒಂದು ಲಾರಿ, ಒಬ್ಬ ಮೇಸ್ತ್ರಿಯಿಂದ ಆಗುವ ಕೆಲಸವಲ್ಲ ಅದು. ಒಂದು ಇಟ್ಟಿಗೆಗೆ ಎರಡೂವರೆ ಕಿಲೋ ಪುಡಿ ಹಿಡಿದರೆ 3.3 ಕೋಟಿ ಟನ್ನಿಗೆ 1,320 ಕೋಟಿ ಇಟ್ಟಿಗೆ. ದಿನಕ್ಕೆ ಹತ್ತು ಸಾವಿರ, ವರ್ಷಕ್ಕೆ ಮುನ್ನೂರು ದಿನ ಕೆಲಸ ಮಾಡುವ ಘಟಕವೊಂದು ಅಷ್ಟನ್ನು ಮಾಡಿ ಮುಗಿಸಲು 4,400 ವರ್ಷ ಬೇಕು. ನೂರು ಘಟಕ ಹಾಕಿದರೂ 44 ವರ್ಷ. ಇಟ್ಟಿಗೆ ಬಹಳ ದೂರ ಸಾಗುವ ಸರಕೂ ಅಲ್ಲ, ಲಾರಿ ಬಾಡಿಗೆಯೇ ಅದನ್ನು ತಿಂದುಹಾಕುತ್ತದೆ. ಅದೃಷ್ಟಕ್ಕೆ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ, ಎಷ್ಟು ಸುರಿದರೂ ಹೊಟ್ಟೆ ತುಂಬದ ಬೆಂಗಳೂರಿದೆ.

ಇದನ್ನೆಲ್ಲ ಈಗಲೇ ಬರೆಯುವುದಕ್ಕೆ ಕಾರಣವಿದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ, ಸುಮಾರು ಸಾವಿರ ಎಕರೆಯಲ್ಲಿ ಹರಡಿರುವ ಆ 13 ಗುಡ್ಡಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಪುಡಿಯಲ್ಲಿ ಉಳಿದುಹೋದ ಚಿನ್ನವನ್ನು ಮತ್ತೆ ತೆಗೆಯುವ ಉದ್ದೇಶ. ಚಿನ್ನದ ಬೆಲೆ ಈಗ ಇರುವ ಎತ್ತರಕ್ಕೆ ಅದು ಲಾಭದ ಬಾಬತ್ತೇ ಇರಬಹುದು. ಆದರೆ ಚಿನ್ನ ತೆಗೆದ ಮೇಲೆ ತೂಕ ಕಡಿಮೆಯಾಗುವುದಿಲ್ಲ. ಟನ್ನಿನಿಂದ ಒಂದೆರಡು ಗ್ರಾಂ ಹೋದರೆ ಉಳಿಯುವುದು ಟನ್ನೇ. ಇಡೀ ಗುಡ್ಡವನ್ನು ಅಗೆದು, ಕಲಕಿ, ಮತ್ತೊಮ್ಮೆ ತೊಳೆದು, ಮತ್ತೆಲ್ಲೋ ಗುಡ್ಡ ಹಾಕುವುದು. ಗಟ್ಟಿಗಟ್ಟಿಯಾಗಿ ಕೂತ ಹಳೇ ಗುಡ್ಡಕ್ಕಿಂತ ಹೊಸ ಗುಡ್ಡ ಇನ್ನೂ ಜೋರಾಗಿ ಹಾರಿದರೆ ಆಶ್ಚರ್ಯವಿಲ್ಲ.

ನನಗೆ ಅನಿಸುವುದು ಇದು. ಆ ಪುಡಿ ನೂರು ವರ್ಷದ ಮೇಲೆ ಒಮ್ಮೆ ಯಂತ್ರದೊಳಗೆ ಹೋಗಿ ಹೊರಬರುತ್ತದೆ. ಯಾವ ಗುಡ್ಡದ್ದು, ಯಾವ ಪದರದ್ದು, ಅದರೊಳಗೆ ಏನಿದೆ ಅಂತ ಟನ್ ಟನ್ನಿಗೂ ಅಳೆಯುವವರು, ಅಳೆಯಲು ದುಡ್ಡಿರುವವರು ಆಗ ಅಲ್ಲೇ ನಿಂತಿರುತ್ತಾರೆ, ಯಾಕೆಂದರೆ ಚಿನ್ನ ಎಷ್ಟಿದೆ ಅಂತ ಅವರು ಅಳೆಯಲೇಬೇಕು. ಅದೇ ಮಾದರಿಯಲ್ಲಿ ಆರ್ಸೆನಿಕ್ ಎಷ್ಟು, ಸೀಸ ಎಷ್ಟು ಅಂತಲೂ ಬರೆದಿಡಿ, ಹೊರಬರುವ ಪುಡಿಯಲ್ಲಿ ಇಂತಿಷ್ಟು ಪಾಲು ಇಟ್ಟಿಗೆಗೆ ಹೋಗಲಿ, ಆ ಘಟಕ ಊರಿನಲ್ಲೇ ಇರಲಿ ಅಂತ ಹರಾಜಿನ ಷರತ್ತಿನಲ್ಲೇ ಸೇರಿಸಲು ಸಾಧ್ಯವಿಲ್ಲವೇ? ಹಾರುಬೂದಿಗೆ 1999ರಲ್ಲಿ ಬರೆದದ್ದು ಅಂಥದೇ ಒಂದು ಷರತ್ತನ್ನು. ಹರಾಜು ಮುಗಿದು ಚಿನ್ನ ಹೋದ ಮೇಲೆ ಈ ಮಾತು ಎತ್ತಿದರೆ, ನಮ್ಮೂರಿನವರು ಈಗಾಗಲೇ ಒಮ್ಮೆ ಕೇಳಿದ ಉತ್ತರವೇ ಸಿಗುತ್ತದೆ, ಕಂಪನಿ ಮುಚ್ಚಿದೆ ಅಂತ. ಮಾರಿಕುಪ್ಪಂ ರೈಲಿನಲ್ಲಿ ದಿನಕ್ಕೆ ಐದಾರು ಗಂಟೆ ನಿಂತೇ ಪ್ರಯಾಣ ಮಾಡುವ ಹುಡುಗರಿಗೆ ಊರಲ್ಲೇ ಒಂದು ಕೆಲಸ ಸಿಗಬಹುದಾದ ಮಾತು ಇದು.

ಮನೆಯ ವಿಷಯ ಏನಾಯಿತು? ಭಾನುವಾರ ಸಂಜೆ ವೀಡಿಯೋ ಕಾಲಿನಲ್ಲಿ ಸಭೆ ಸೇರಿತು. ಗಟ್ಟಿ ಇದೆ ಅಂದೆ. ಲೋಹದ ಪರೀಕ್ಷೆ ಒಂದಕ್ಕೆ ಮಾಡಿಸಿದರೂ ಉಪಯೋಗವಿಲ್ಲ ಅಂದೆ. ತಮ್ಮ ರಾಜಿ ಸೂತ್ರ ತಂದಿದ್ದ: ಸಂಪಿಗೆ, ಅಡುಗೆ ಮನೆಗೆ ಬೇಡ, ಬರೀ ಕಾಂಪೌಂಡಿಗೆ ಹಾಕೋಣ, ಹದಿನೈದು ಸಾವಿರವಾದರೂ ಉಳಿಯಲಿ. ನನಗೂ ಅದು ಸರಿ ಅನಿಸಿತ್ತು.

ಅಲ್ಲಿಯವರೆಗೆ ಅವರೆಕಾಯಿ ಸುಲಿಯುತ್ತಾ ಕೂತಿದ್ದ ಅಮ್ಮ ತಲೆ ಎತ್ತಲಿಲ್ಲ. "ಇಪ್ಪತ್ತೈದು ವರ್ಷ ಅದು ಒಳಗೆ ಬರಬಾರ್ದು ಅಂತ ಕಿಟಕಿ ಹಾಕಿದ್ದೀನಿ. ಈಗ ದುಡ್ಡು ಕೊಟ್ಟು ಕರ್ಕೊಂಡು ಬರ್ತೀರಾ?"

ತಮ್ಮ ಮರುದಿನವೇ ಮಾಲೂರು ಕಡೆಯ ಮಾಮೂಲಿ ಕೆಂಪು ಇಟ್ಟಿಗೆಗೆ ಮುಂಗಡ ಕೊಟ್ಟ. ಅದು ಯಾರ ಹೊಲದ ಮೇಲ್ಮಣ್ಣು ಅಂತ ನಾವು ಯಾರೂ ಕೇಳಲಿಲ್ಲ.

ಉಳಿದಿರುವ ಮೂರನೇ ಇಟ್ಟಿಗೆ ಈಗ ನಮ್ಮ ಬಾಲ್ಕನಿಯಲ್ಲಿದೆ, ಕರಿಬೇವಿನ ಕುಂಡದ ಪಕ್ಕ. ಆಗಾಗ ಬೆರಳಿಂದ ಉಜ್ಜಿ ನೋಡುತ್ತೇನೆ. ಇನ್ನೂ ಪುಡಿ ಬಂದಿಲ್ಲ. ಮೊನ್ನೆ ಫೋನಿನಲ್ಲಿ ಅಮ್ಮ ಅದು ಎಲ್ಲಿದೆ ಅಂತ ಕೇಳಿದಳು. ಬಾಲ್ಕನಿಯಲ್ಲಿ ಅಂದೆ.

"ಹೊರಗೇ ಇರ್ಲಿ," ಅಂದಳು. "ಕುಂಡದ ನೀರು ಅದರ ಮೇಲೆ ಬೀಳದ ಹಾಗೆ ನೋಡ್ಕೋ. ಕರಿಬೇವು ಸಾರಿಗೆ ಹಾಕ್ತೀರಲ್ಲ."

ಕುಂಡವನ್ನು ಇನ್ನೊಂದು ಮೂಲೆಗೆ ಸರಿಸಿದ್ದೇನೆ.